ದಪ್ಪ ಬೆಕ್ಕಿಗೆ ಮೆಟ್ಟಿಲೋ, ಇಳಿಜಾರು ಹಲಗೆಯೋ?

ದಪ್ಪ ಬೆಕ್ಕು ಮಂಚದಿಂದ ದೊಪ್ಪನೆ ಹಾರಿದಾಗ ಭಾರವೆಲ್ಲ ಮುಂಗಾಲಿಗೇ ಬೀಳುತ್ತದೆ. ದಿನಕ್ಕೆ ಎಷ್ಟು ಸಲ ಹಾರುತ್ತದೆ ಅಂತ ಎಣಿಸಿ ನೋಡಿ, ಪಾಪ ಅನಿಸುತ್ತದೆ.

ಮೆಟ್ಟಿಲಿಗೆ ಜಾಗ ಕಡಿಮೆ ಸಾಕು. ಒಂದೊಂದೂ 10-15 ಸೆಂ.ಮೀ. ಎತ್ತರ ಇರಲಿ, ನಾಲ್ಕೂ ಕಾಲೂರಿ ನಿಲ್ಲುವಷ್ಟು ಅಗಲ ಇರಲಿ. ಒಮ್ಮೆ ಅಲುಗಾಡಿದರೆ ಬೆಕ್ಕು ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ.

ಹಲಗೆಗೆ ಜಾಗ ಜಾಸ್ತಿ. 45 ಸೆಂ.ಮೀ. ಎತ್ತರದ ಮಂಚಕ್ಕೆ ಒಂದೂಕಾಲು ಮೀಟರ್ ಉದ್ದವಾದರೂ ಬೇಕು, ಇಲ್ಲದಿದ್ದರೆ ಕಡಿದಾಗುತ್ತದೆ. ಮೇಲೆ ಗೋಣಿಚೀಲ ಬಿಗಿದರೆ ಉಗುರಿಗೆ ಒಳ್ಳೆ ಹಿಡಿತ.

ಚುರುಕಾಗಿರುವ ಬೆಕ್ಕಿಗೆ ಮೆಟ್ಟಿಲು ಸಾಕು. ಹಾರುವ ಮುಂಚೆ ಹಿಂದೆಮುಂದೆ ನೋಡುವ ಬೆಕ್ಕಿಗೆ ನಾನು ಹಲಗೆಯನ್ನೇ ಹೇಳುತ್ತೇನೆ. ಕುಂಟುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ತೂಕ ಇಳಿಸಲೆಂದು ಊಟ ಮಾತ್ರ ಒಮ್ಮೆಲೇ ನಿಲ್ಲಿಸಬೇಡಿ, ಲಿವರ್ ಕೆಡುತ್ತದೆ.