ಪ್ಯೂಟ್ಸರ್ ಎಲ್ಸ್ಟರ್ ಬಿ: ಮರದ ವಿಮಾನದ ಜೊತೆ ಒಂಬತ್ತು ವರ್ಷ

ಮೊದಲೇ ಹೇಳಿಬಿಡುತ್ತೇನೆ, ಇದು ಶೋರೂಮಿಗೆ ಹೋಗಿ ಕೊಳ್ಳುವ ಸಾಮಾನಲ್ಲ. ಎಲ್ಸ್ಟರ್ ಅನ್ನುವ ಈ ಇಬ್ಬರು ಕೂರುವ ಜರ್ಮನ್ ವಿಮಾನ ತಯಾರಾಗಿದ್ದೇ ಒಟ್ಟು 45. 1967ಕ್ಕೆ ಕಥೆ ಮುಗಿಯಿತು. ನನ್ನ ಊರು ಶಿರಸಿ ಕಡೆ, ಕೆಲಸ ಜರ್ಮನಿಯ ಕೊಲೋನ್‌ನಲ್ಲಿ. ಇಲ್ಲಿನ ಒಂದು ಸಣ್ಣ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಐದು ಜನ ಸೇರಿ ಒಂದು ಎಲ್ಸ್ಟರ್ ಬಿ ಇಟ್ಟುಕೊಂಡಿದ್ದೇವೆ. ಇಂಥದ್ದರಲ್ಲಿ ಪಾಲು ತೆಗೆದುಕೊಳ್ಳಬಹುದಾ ಅಂತ ಇಬ್ಬರು ಮೂವರು ಕೇಳಿದರು. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಟ್ ಮಾಡಿದ್ದು ಹೀಟರಿಗೆ. ಫೆಬ್ರವರಿಯಲ್ಲಿ ಒಂದು ಗಂಟೆ ಹಾರಿ ಇಳಿದರೆ ಕಾಲ್ಬೆರಳು ನಮ್ಮದೋ ಪಕ್ಕದವರದೋ ಗೊತ್ತಾಗುವುದಿಲ್ಲ.

ಇದು ಹೇಗೆ ಹುಟ್ಟಿತು ಅನ್ನುವುದು ಗೊತ್ತಿದ್ದರೆ ಇದರ ಗುಣ ಅರ್ಥವಾಗುತ್ತದೆ. ಎರಡನೇ ಮಹಾಯುದ್ಧ ಸೋತ ಮೇಲೆ ಜರ್ಮನಿಯಲ್ಲಿ ವಿಮಾನ ಕಟ್ಟುವುದಕ್ಕೇ ನಿಷೇಧ ಇತ್ತು. 1951ರಲ್ಲಿ ಎಂಜಿನ್ ಇಲ್ಲದ ಗ್ಲೈಡರಿಗೆ ಮಾತ್ರ ಬಿಟ್ಟರು, ಎಂಜಿನ್ ವಿಮಾನಕ್ಕೆ 1955ರಲ್ಲಿ. ಹಾಗಾಗಿ ಆಗ ಕೈಯಲ್ಲಿ ಇದ್ದಿದ್ದು ಗ್ಲೈಡರ್ ಮಾಡುವ ಬಡಗಿ ವಿದ್ಯೆ, ಮರ, ಅಂಟು, ಬಟ್ಟೆ. ಫ್ರಿಟ್ಸ್ ರಾಬ್ ಅನ್ನುವವರು ಡೊಪೆಲ್‌ರಾಬ್ ಅಂತ ಒಂದು ಅಗ್ಗದ ತರಬೇತಿ ಗ್ಲೈಡರ್ ಮಾಡಿದ್ದರು. ಕಲಿಯುವವನು ಮುಂದೆ, ಮೇಷ್ಟ್ರು ಅವನ ಬೆನ್ನಿಗೇ ಅಂಟಿಕೊಂಡ ಹಾಗೆ ಹಿಂದೆ. ಬಾನ್ ನಗರದ ಆಲ್ಫೋನ್ಸ್ ಪ್ಯೂಟ್ಸರ್ ಅದಕ್ಕೆ ಎಂಜಿನ್ ಕೂರಿಸಿ ಮೋಟರ್‌ರಾಬ್ ಮಾಡಿದರು, ಅದನ್ನೇ ತಿದ್ದಿ ತೀಡಿ ಎಲ್ಸ್ಟರ್ ಮಾಡಿದರು. ಇದರಲ್ಲಿ ಮೇಷ್ಟ್ರು ಪಕ್ಕದಲ್ಲೇ ಕೂರುತ್ತಾರೆ. ಮೊದಲ ಹಾರಾಟ 1959ರ ಜನವರಿ. ಮೊದಲಿನದಕ್ಕೆ 52 ಅಶ್ವಶಕ್ತಿಯ ಪೋರ್ಷೆ ಎಂಜಿನ್, ನಮ್ಮ ಬಿ ಮಾದರಿಗೆ 95 ಅಶ್ವಶಕ್ತಿಯ ಕಾಂಟಿನೆಂಟಲ್ ಸಿ90, ಗ್ಲೈಡರ್ ಎಳೆಯುವ ಸಿ ಮಾದರಿಗೆ 150ರ ಲೈಕಮಿಂಗ್. ಹಲವು ವಿಮಾನಗಳು ಪಶ್ಚಿಮ ಜರ್ಮನಿ ಸೇನೆಯವರ ಕ್ರೀಡಾ ಹಾರಾಟ ಸಂಘಗಳಿಗೆ ಹೋದವು. ಅಂದ ಹಾಗೆ ಎಲ್ಸ್ಟರ್ ಒಂದು ಹಕ್ಕಿಯ ಹೆಸರು. ನಮ್ಮ ಮಟಪಕ್ಷಿಯ ಕಪ್ಪು ಬಿಳಿ ನೆಂಟ ಅನ್ನಿ.

ಜಕ್ಕೂರಿನ ಫ್ಲೈಯಿಂಗ್ ಸ್ಕೂಲಿನಲ್ಲಿ ಪುಷ್ಪಕ್ ವಿಮಾನ ನೋಡಿದವರಿಗೆ ಇದು ಎಲ್ಲೋ ಕಂಡ ಮುಖ ಅನ್ನಿಸುತ್ತದೆ. ಬೆಂಗಳೂರಿನ ಎಚ್‌ಎಎಲ್ ಪುಷ್ಪಕ್ ಹಾರಿದ್ದು 1958ರಲ್ಲಿ, ಇದಕ್ಕಿಂತ ಕೆಲವೇ ತಿಂಗಳು ಮುಂಚೆ. ಅದಕ್ಕೂ ರೆಕ್ಕೆ ಮೇಲೆ, ಸೀಟು ಪಕ್ಕ ಪಕ್ಕ, ಎಂಜಿನ್ ಅದೇ ಸಿ90 ಮನೆತನದ್ದು. ವ್ಯತ್ಯಾಸ ಒಳಗಿದೆ. ಪುಷ್ಪಕ್‌ನ ಒಡಲು ಉಕ್ಕಿನ ಕೊಳವೆ, ಇದರದ್ದು ಮರ.

ಹಾರಿಸುವುದಕ್ಕೆ ಹೇಗೆ? ನಿಧಾನ. 150 ಕಿಲೋಮೀಟರ್ ವೇಗ ಅಂದರೆ ಇದಕ್ಕೆ ಸುಖ. ಒಂದು ಸಲ ಕೋಬ್ಲೆನ್ಸ್ ಕಡೆಗೆ ಎದುರುಗಾಳಿಯಲ್ಲಿ ಹೋಗುವಾಗ ಕೆಳಗೆ ಆಟೋಬಾನ್‌ನಲ್ಲಿ ನಾವು ಹಿಂದೆ ಹಾಕಿದ್ದು ಬರೀ ಲಾರಿಗಳನ್ನು. ರೆಕ್ಕೆ 13 ಮೀಟರಿಗೂ ಜಾಸ್ತಿ, ಗ್ಲೈಡರ್ ರಕ್ತ ಅಲ್ವಾ, ಹಾಗಾಗಿ ಇಳಿಯುವಾಗ ವೇಗ ಸ್ವಲ್ಪ ಜಾಸ್ತಿ ಇಟ್ಟುಕೊಂಡು ಬಂದಿರೋ, ನೆಲದಿಂದ ಒಂದು ಮೊಳ ಮೇಲೆ ತೇಲುತ್ತಲೇ ಇರುತ್ತದೆ, ರನ್‌ವೇ ಮುಗಿಯುತ್ತಾ ಬಂದರೂ ಇಳಿಯುವ ಮನಸ್ಸು ಮಾಡುವುದಿಲ್ಲ. ತಿರುಗುವಾಗ ಬರೀ ಸ್ಟಿಕ್ ವಾಲಿಸಿದರೆ ಮೂತಿ ತಿರುಗಬೇಕಾದ ಕಡೆ ಬಿಟ್ಟು ಎದುರು ದಿಕ್ಕಿಗೆ ಹೋಗುತ್ತದೆ. ಕಾಲಿನಲ್ಲಿ ರಡ್ಡರ್, ಅಂದರೆ ಬಾಲದ ಚುಕ್ಕಾಣಿಯ ಪೆಡಲ್, ಒತ್ತಲೇಬೇಕು. ಹೊಸ ವಿಮಾನದಲ್ಲಿ ಕಲಿತು ಬಂದ ಹುಡುಗರು ಇಲ್ಲಿ ಕಾಲು ಇದೆ ಅಂತ ಮೊದಲ ಸಲ ನೆನಪು ಮಾಡಿಕೊಳ್ಳುತ್ತಾರೆ. ತೇವದ ದಿನ ಕಾರ್ಬುರೇಟರಿನಲ್ಲಿ ಐಸ್ ಕಟ್ಟುತ್ತದೆ, ಅದಕ್ಕೆ ಬಿಸಿಗಾಳಿ ಬಿಡುವ ಕಾರ್ಬ್ ಹೀಟ್ ಮರೆಯಬೇಡಿ. ಇಬ್ಬರು ದಪ್ಪನೆಯವರು ಕೂತರೆ ಟ್ಯಾಂಕ್ ತುಂಬಿಸುವ ಆಸೆ ಬಿಡಿ, ಮೇಲೇರುವಾಗ ವಿಮಾನ ಏದುಸಿರು ಬಿಡುತ್ತದೆ.

ಈಗ ನಿಜವಾದ ವಿಷಯ, ಮರ.

ನಾಲ್ಕನೇ ವರ್ಷ, ವಾರ್ಷಿಕ ತಪಾಸಣೆ. ನಮ್ಮ ಮೆಕ್ಯಾನಿಕ್ ಎಪ್ಪತ್ತು ದಾಟಿದವರು. ಒಂದು ಯೂರೋ ನಾಣ್ಯ ಹಿಡಿದು ಹೊಟ್ಟೆಯ ಪ್ಲೈವುಡ್ ಉದ್ದಕ್ಕೂ ತಟ್ಟುತ್ತಾ ಬಂದರು. ಟಕ್, ಟಕ್, ಟಕ್. ಬಾಲದ ಹತ್ತಿರ ಒಂದು ಕಡೆ ಬದ್. ನಿಂತರು. ಮತ್ತೆ ತಟ್ಟಿದರು, ಮತ್ತೆ ಬದ್. ಹಲಸಿನಕಾಯಿ ಬಡಿದು ನೋಡಿ ಬೆಳೆದವನು ನಾನು, ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಬಿಚ್ಚಿ ನೋಡಿದರೆ ಒಳಗೆ ಮರ ಕಪ್ಪಾಗಿ ಉಗುರಿಗೆ ಸಿಗುವಷ್ಟು ಮೆತ್ತಗಾಗಿತ್ತು. ಕಾರಣ ಏನು ಅಂದರೆ, ಹಿಂದೆ ಯಾವಾಗಲೋ ಒಂದು ವರ್ಕ್‌ಶಾಪಿನವರು ಚಂದ ಕಾಣಲಿ ಅಂತ ಬಣ್ಣ ಹೊಡೆದಿದ್ದಾರೆ, ಹೊಡೆಯುವಾಗ ನೀರು ಸೋರಿ ಹೋಗುವ ಪೆನ್ಸಿಲ್ ಗಾತ್ರದ ತೂತನ್ನೂ ಮುಚ್ಚಿದ್ದಾರೆ. ಅಷ್ಟೇ. ಒಳಗೆ ಬೆವರಿದ ನೀರು ಹೋಗಲು ದಾರಿ ಇಲ್ಲದೆ ವರ್ಷಗಟ್ಟಲೆ ಅಲ್ಲೇ ಕೂತಿತ್ತು.

ಅಪ್ಪನಿಗೆ ಫೋನ್ ಮಾಡಿದಾಗ ಹೇಳಿದೆ. ವಿಮಾನದ ಗಂಧಗಾಳಿ ಇಲ್ಲದ ಮನುಷ್ಯ, "ಮರ ನೀರಿಗೆ ಹೆದರೂದಿಲ್ಲ ತಮಾ, ಗಾಳಿ ಆಡದೇ ಇದ್ರೆ ಸಾಯ್ತದೆ" ಅಂದ. ನಮ್ಮ ಮನೆ ಬಾಗಿಲು ಪ್ರತಿ ಆಷಾಢದಲ್ಲಿ ಉಬ್ಬಿ ಹಾಕಲು ಬರುವುದಿಲ್ಲ, ದೀಪಾವಳಿ ಹೊತ್ತಿಗೆ ತಾನೇ ಸರಿಯಾಗುತ್ತದೆ. ಅದೇ ಲೆಕ್ಕ.

ರಿಪೇರಿಗೆ ಇಡೀ ಚಳಿಗಾಲ ಹೋಯಿತು. ಕೊಳೆತದ್ದನ್ನು ಕತ್ತರಿಸಿ, ಹಳೆಯದಕ್ಕೆ ಅಂಟಿ ಕೂರುವ ಹಾಗೆ ಹೊಸ ಬರ್ಚ್ ಪ್ಲೈವುಡ್ ಅಂಚನ್ನು ದಪ್ಪದ ಹನ್ನೆರಡು ಪಟ್ಟು ಉದ್ದಕ್ಕೆ ಇಳಿಜಾರಾಗಿ ಹೆರೆಯಬೇಕು. ಒಂದೂವರೆ ಮಿಲಿಮೀಟರ್ ಹಲಗೆಗೆ 18 ಮಿಲಿಮೀಟರ್ ಇಳಿಜಾರು. ಮೊದಲ ಮೂರು ತುಂಡು ನಾನು ಹಾಳು ಮಾಡಿದೆ. ನಾಲ್ಕನೆಯದನ್ನು ಮೆಕ್ಯಾನಿಕ್ ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಮೇಜಿನ ಮೇಲಿಟ್ಟರು. ಅದೇ ಸರ್ಟಿಫಿಕೇಟ್. ಚಳಿಯಲ್ಲಿ ಅಂಟು ಕೂರುವುದಿಲ್ಲ, ಹಾಗಾಗಿ ಹ್ಯಾಂಗರಿನಲ್ಲಿ ಬಾಲಕ್ಕೆ ಕಂಬಳಿ ಹೊದಿಸಿ ರಾತ್ರಿಯಿಡೀ ಹೀಟರ್ ಇಟ್ಟೆವು. ಪೈಲಟ್‌ಗೆ ಇಲ್ಲದ ಹೀಟರ್ ಬಾಲಕ್ಕೆ ಸಿಕ್ಕಿತು ನೋಡಿ.

ಖರ್ಚಿನ ವಿಷಯ ಚುಟುಕಾಗಿ. ಪೆಟ್ರೋಲ್ ನಮ್ಮ ಕೈಯಲ್ಲಿ ಗಂಟೆಗೆ 20 ಲೀಟರ್ ಆಸುಪಾಸು. ಎಂಜಿನ್ ಭಾಗ ಸಿಗುತ್ತದೆ, ಸಿ90 ತುಂಬ ವಿಮಾನದಲ್ಲಿದೆ. ಒಡಲಿನ ಭಾಗ ಸಿಗುವುದಿಲ್ಲ, ನಕ್ಷೆ ನೋಡಿ ನೀವೇ ಮಾಡಿಸಬೇಕು. ಪ್ಯೂಟ್ಸರ್ ಅವರೇ 1966ರಲ್ಲಿ ಡಾಲೆಮರ್ ಬಿನ್ಸ್‌ನಲ್ಲಿ ಸ್ಪೋರ್ಟಾವಿಯಾ ಅನ್ನುವ ಕಂಪನಿ ಶುರು ಮಾಡಿ ಫ್ರಾನ್ಸಿನ ಫೂರ್ನಿಯೆ ವಿಮಾನಗಳ ಕಡೆ ಹೊರಳಿದರು, ಮರುವರ್ಷ ಎಲ್ಸ್ಟರ್ ನಿಂತಿತು.

ವಾರಾಂತ್ಯಕ್ಕೆ ಇಟಲಿಗೆ ಹೋಗಬೇಕು ಅನ್ನುವವರು ಈ ಪಾಲು ತೆಗೆದುಕೊಳ್ಳಬೇಡಿ, ಸುಮ್ನೆ ಜಗಳ ಆಗುತ್ತದೆ. ಸಂಜೆ ಗಾಳಿ ನಿಂತ ಮೇಲೆ ರೈನ್ ನದಿ ಗುಂಟ ಅರ್ಧ ಗಂಟೆ ಹೋಗಿ ಬರುವವರಿಗೆ, ಚಳಿಗಾಲದ ಶನಿವಾರಗಳನ್ನು ಕೊಡುವವರಿಗೆ ಸರಿ. ನೋಡಲು ಹೋಗುವಾಗ ಜೇಬಿನಲ್ಲಿ ಒಂದು ನಾಣ್ಯ, ಒಂದು ಟಾರ್ಚ್ ಇರಲಿ. ಹೊಳೆಯುವ ಬಣ್ಣ ನೋಡಬೇಡಿ. ಮೊದಲು ಹೊಟ್ಟೆಯ ಕೆಳಗೆ ಮಲಗಿ ತೂತುಗಳನ್ನು ಎಣಿಸಿ.