ಜರಡಿ ಲಿಂಕೇಜಿಗೆ ಯಾವ ರಾಡ್ ಎಂಡ್ ಛಲೋ?
ಕಲಬುರಗಿಯಾಗ ನಮ್ಮ ತೊಗರಿ ಮಿಲ್ಲಿನ ಜರಡಿ ಅಲುಗಾಡಿಸೋ ಲಿಂಕೇಜಿಗೆ ಎರಡೂ ಥರದ ರಾಡ್ ಎಂಡ್ (ರಾಡಿನ ತುದಿಗೆ ಹಾಕೋ, ಒಳಗ ಗುಂಡು ತಿರುಗೋ ಜೋಡಣಿ) ಹಾಕಿ ನೋಡೀನ್ರಿ. ಗ್ರೀಸ್ ನಿಪ್ಪಲ್ ಇರೋ, ಸ್ಟೀಲ್ ಮ್ಯಾಲೆ ಸ್ಟೀಲ್ ತಿರುಗೋದು ಹಿಂದ ಮುಂದ ಜಗ್ಗೋ ಲೋಡಿಗೆ ಭಾಳ ಛಲೋ ಅದ, ಗ್ರೀಸ್ ಹೊಡದಾಗ ಹಳೇ ಗ್ರೀಸಿನ ಜೋಡಿ ಒಳಗಿನ ಧೂಳೂ ಹೊರಗ ಬರ್ತದ, ಆದ್ರ ಗ್ರೀಸ್ ಹೊಡಿಯೋದು ಬಿಟ್ರ ಲಗೂನ ಸವೀತದ. ಪಿಟಿಎಫ್ಇ (ಟೆಫ್ಲಾನ್) ಲೈನರ್, ಅಂದ್ರ ಜಾರೋ ಒಳಪದರ, ಇದ್ದದ್ದಕ್ಕ ಗ್ರೀಸೇ ಬ್ಯಾಡ, ಆದ್ರ ಲೈನರ್ ಸವದ್ರ ಪೂರಾ ಪೀಸೇ ಬದಲಿ, ಒಂದೇ ಕಡಿ ಲೋಡ್ ಬೀಳೋ ಲಿವರಿಗೆ ಅದು ಸರಿ. ಜರಡಿಗಂತೂ ನನ್ನ ವೋಟು ಗ್ರೀಸಿಂದಕ್ಕೇ. ಯಾವ್ದೇ ತಗೋರಿ, ಲೋಡು ಶ್ಯಾಂಕಿನ (ಥ್ರೆಡ್ ಇರೋ ದಂಡಿನ) ನೇರಕ್ಕ ಬರಬೇಕು, ಅಡ್ಡ ಒತ್ತಿದ್ರ ಥ್ರೆಡ್ ಹತ್ರ ಮುರೀತದ. ಒಂದ್ ಕಡಿ ಬಲ, ಇನ್ನೊಂದ್ ಕಡಿ ಎಡ ಥ್ರೆಡ್ಡಿಂದು ಕೇಳಿ ತಗೋರಿ, ರಾಡ್ ಬಿಚ್ಚದೇ ಉದ್ದ ಅಡ್ಜಸ್ಟ್ ಆಗ್ತದ, ಚೆಕ್ ನಟ್ (ಥ್ರೆಡ್ ಸಡಲಾಗದಂಗ ಹಿಡಿಯೋ ನಟ್) ಮಾತ್ರ ಗಟ್ಟಿ ಬಿಗೀರಿ.