ಆಟೋಇಮ್ಯೂನ್ ಕಾಯಿಲೆಯ ಮಗುವಿಗೆ ಜೇನುತುಪ್ಪವೋ, ರಾಯಲ್ ಜೆಲ್ಲಿಯೋ, ಪರಾಗವೋ, ಪ್ರೊಪೊಲಿಸ್ಸೋ?

ಈ ನಾಲ್ಕರಲ್ಲಿ ಯಾವುದೂ ಮಕ್ಕಳ ಆಟೋಇಮ್ಯೂನ್ ಕಾಯಿಲೆಯನ್ನು ಗುಣಪಡಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಎಂಬ ಲೇಬಲ್ಲಿಗೆ ಮರುಳಾಗಬೇಡಿ. ಈ ಮಕ್ಕಳ ದೇಹದ ಮೇಲೆ ತಿರುಗಿಬಿದ್ದಿರುವುದು ಅದೇ ಶಕ್ತಿ.

ಆರಿಸಲೇಬೇಕೆಂದರೆ ಜೇನುತುಪ್ಪ, ಅದೂ ಔಷಧವಾಗಿ ಅಲ್ಲ, ಆಹಾರವಾಗಿ. ಒಂದು ವರ್ಷದೊಳಗಿನ ಕೂಸಿಗೆ ನೆಕ್ಕಿಸಲೂಬಾರದು: ಬೊಟುಲಿಸಂ ಬ್ಯಾಕ್ಟೀರಿಯಾದ ಬೀಜಕಗಳು ಕರುಳಲ್ಲಿ ಮೊಳೆತು ವಿಷ ಉಂಟುಮಾಡಬಹುದು. ಮನೆಯಲ್ಲಿ ಕಾಯಿಸಿದರೂ ಅವು ಸಾಯುವುದಿಲ್ಲ. ದೊಡ್ಡ ಮಕ್ಕಳ ರಾತ್ರಿ ಕೆಮ್ಮಿಗೆ ಅರ್ಧದಿಂದ ಒಂದು ಟೀ ಚಮಚ ಹಿತ. ಟೈಪ್ 1 ಮಧುಮೇಹವಿದ್ದರೆ ಒಂದು ಟೀ ಚಮಚದಲ್ಲಿರುವ ಸುಮಾರು 6 ಗ್ರಾಂ ಸಕ್ಕರೆಯನ್ನು ಇನ್ಸುಲಿನ್ ಲೆಕ್ಕಕ್ಕೆ ಸೇರಿಸಿ.

ರಾಯಲ್ ಜೆಲ್ಲಿ (ರಾಣಿ ಜೇನಿಗಾಗಿ ಜೇನುನೊಣಗಳು ಸ್ರವಿಸುವ ಆಹಾರ) ಬೇಡ. ಅಸ್ತಮಾ, ಅಲರ್ಜಿ ಇರುವವರಲ್ಲಿ ಅದರಿಂದ ತೀವ್ರ ಉಸಿರಾಟದ ತೊಂದರೆ, ಸಾವು ಕೂಡ ವರದಿಯಾಗಿವೆ. ಪರಾಗವೂ ಹೆಚ್ಚುಕಡಿಮೆ ಹಾಗೆಯೇ. ಮೊದಲ ಚಮಚವೇ ಅನಾಫಿಲಾಕ್ಸಿಸ್, ಅಂದರೆ ಜೀವಕ್ಕೇ ಅಪಾಯವಾಗುವ ಅಲರ್ಜಿ, ತರಬಹುದು. ತುಟಿ ಊದಿದರೆ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರೊಪೊಲಿಸ್ (ಜೇನುನೊಣಗಳು ಗೂಡು ಮೆತ್ತಲು ಬಳಸುವ ಮರದ ಅಂಟು) ಬಾಯಿಯ ಸುತ್ತ ದದ್ದು ಎಬ್ಬಿಸುವುದುಂಟು. ಹನಿಗಳಲ್ಲಿ ಹಲವು ಆಲ್ಕೋಹಾಲ್‌ನಲ್ಲಿ ಕರಗಿಸಿದವು, ಮೆಥೊಟ್ರೆಕ್ಸೇಟ್ (ಪ್ರತಿರೋಧ ತಗ್ಗಿಸುವ ಒಂದು ಮದ್ದು) ತೆಗೆದುಕೊಳ್ಳುವ ಮಗುವಿಗೆ ಅವು ಸಲ್ಲವು.

ಸ್ಟೀರಾಯ್ಡ್ ಅಥವಾ ಪ್ರತಿರೋಧ ತಗ್ಗಿಸುವ ಮದ್ದು ನಡೆಯುತ್ತಿದ್ದರೆ, ಏನನ್ನೇ ಕೊಡುವ ಮೊದಲು ಬಾಟಲಿಯನ್ನೇ ವೈದ್ಯರಿಗೆ ತೋರಿಸಿ. ಜೇನಿನ ಭರವಸೆಯಲ್ಲಿ ಆ ಮದ್ದನ್ನು ನಿಲ್ಲಿಸಬೇಡಿ.